ಕೀಬೋರ್ಡಿನ ಸದ್ದು: ಎಣ್ಣೆ ಬಿಡುವ ಮೊದಲು ಕಿವಿ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ವಿಚ್ಚಿರುವ ಮೆಕ್ಯಾನಿಕಲ್ ಕೀಬೋರ್ಡು ಈಗ ಗೇಮ್ ಆಡುವ ಹುಡುಗರ ಮೇಜಿನಲ್ಲಷ್ಟೇ ಇಲ್ಲ. ಡಿಟಿಪಿ ಅಂಗಡಿ, ವಕೀಲರ ಕಚೇರಿ, ಸುದ್ದಿಮನೆ, ಮನೆಯಿಂದಲೇ ಕೆಲಸ ಮಾಡುವವರ ಮಲಗುವ ಕೋಣೆ, ಎಲ್ಲ ಕಡೆಗೂ ಬಂದಿದೆ. ಜತೆಗೆ ಅದರ ಸದ್ದೂ ಬಂದಿದೆ. ಅಮೆರಿಕದ ಗಿರಾಕಿಗಾಗಿ ರಾತ್ರಿ ಎರಡರವರೆಗೆ ಕೆಲಸ ಮಾಡುವವರ ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತದೆ. ಪಿಜಿಯಲ್ಲಾದರೆ ಎದುರಿನ ಮಂಚದವರು ಬೆಳಗಿನ ಪಾಳಿಗೆ ಏಳಬೇಕಿರುತ್ತದೆ. ಸದ್ದು ತಡೆಯಲಾಗದಾಗ ಕೆಲವರು ಕೀಬೋರ್ಡನ್ನೇ ಮೂಲೆಗಿಟ್ಟುಬಿಡುತ್ತಾರೆ, ಇನ್ನು ಕೆಲವರು ಕೀಲಿಗಳ ಸಂದಿಗೆ ಕೊಬ್ಬರಿ ಎಣ್ಣೆಯನ್ನೋ ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಅನ್ನೋ ಬಿಡುತ್ತಾರೆ. ಎರಡೂ ಬೇಕಿಲ್ಲ. ಕಿವಿಗೆ ಒಂದೇ ಎನಿಸುವ ಈ ಸದ್ದು ಐದಾರು ಬೇರೆ ಬೇರೆ ಜಾಗಗಳಲ್ಲಿ ಹುಟ್ಟುತ್ತದೆ, ಒಂದೊಂದಕ್ಕೂ ಮದ್ದು ಬೇರೆ. ಹುಟ್ಟುವ ಜಾಗ ಗುರುತಿಸದೆ ಮದ್ದು ಹಾಕಿದರೆ ಹಣ ಹೋಗುತ್ತದೆ, ಸದ್ದು ಅಲ್ಲೇ ಇರುತ್ತದೆ.

ಮೊದಲು ಸ್ವಿಚ್ಚಿನ ಒಳಗೆ ಏನಿದೆ ನೋಡೋಣ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನ ಅಚ್ಚನ್ನೇ ಇಂದು ಗೇಟ್‌ರಾನ್, ಕೈಲ್, ಔಟೆಮು ಮುಂತಾದ ಚೀನಾ ಕಂಪನಿಗಳೂ ಅನುಸರಿಸುತ್ತವೆ. ಪ್ಲಾಸ್ಟಿಕ್ಕಿನ ಮೇಲಿನ ಕವಚ, ಕೆಳಗಿನ ಕವಚ, ನಡುವೆ ಏರಿಳಿಯುವ ಸ್ಟೆಮ್, ಅದರ ಕೆಳಗೆ ಸ್ಪ್ರಿಂಗ್, ಬದಿಯಲ್ಲಿ ವಿದ್ಯುತ್ ಸಂಪರ್ಕ ಕೊಡುವ ಲೋಹದ ಎಲೆ. ಇಷ್ಟೇ. ಕೀಲಿಯ ಒಟ್ಟು ಓಟ 4 ಮಿ.ಮೀ., ಆದರೆ ಸುಮಾರು 2 ಮಿ.ಮೀ. ಇಳಿದಾಗಲೇ ಅಕ್ಷರ ದಾಖಲಾಗಿರುತ್ತದೆ. ಸ್ವಿಚ್ಚಿನ ಬಗೆಯನ್ನು ಸ್ಟೆಮ್ಮಿನ ಬಣ್ಣದಿಂದ ಕರೆಯುವುದು ರೂಢಿ; ಕೆಂಪು ಸ್ವಿಚ್ಚಿಗೆ ಅದಕ್ಕೆ ಬೇಕಾದ ಬಲ 45 ಗ್ರಾಂ ತೂಕದಷ್ಟು ಮಾತ್ರ. ಉಳಿದ 2 ಮಿ.ಮೀ. ಒತ್ತಿ ಸ್ಟೆಮ್ಮನ್ನು ತಳಕ್ಕೆ ಬಡಿಯುವುದು ಬೆರಳಿನ ರೂಢಿ. ಟೈಪ್‌ರೈಟರಿನಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಲಿತವರ ಕೈಯಲ್ಲಿ ಈ ಬಡಿತ ಇನ್ನೂ ಜೋರು. ಅಲ್ಲಿ ಅಕ್ಷರದ ಅಚ್ಚು ರಿಬ್ಬನ್ನಿಗೆ ಬಡಿಯಲೇಬೇಕಿತ್ತು, ಇಲ್ಲಿ ಆ ಅಗತ್ಯವಿಲ್ಲ.

ಸದ್ದಿನ ಮೂಲ ಪತ್ತೆ ಮಾಡಲು ಹತ್ತು ನಿಮಿಷ ಸಾಕು, ಉಪಕರಣ ಯಾವುದೂ ಬೇಡ. ಫ್ಯಾನ್ ನಿಲ್ಲಿಸಿ ಕುಳಿತು ಒಂದು ಅಕ್ಷರದ ಕೀಲಿಯನ್ನು ತೀರಾ ನಿಧಾನಕ್ಕೆ ಒತ್ತಿ. ತಳ ಮುಟ್ಟುವ ಮೊದಲೇ ನಡುದಾರಿಯಲ್ಲಿ ‘ಟಿಕ್’ ಎಂದರೆ ಅದು ಕ್ಲಿಕ್ ಸ್ವಿಚ್ಚು, ಆ ಸದ್ದು ಬೇಕೆಂದೇ ಇಟ್ಟದ್ದು. ಇಡೀ ದಾರಿ ಗರಗರ ಉಜ್ಜಿದಂತಿದ್ದರೆ ಸ್ಟೆಮ್ ಒಣಗಿದೆ. ತಳದವರೆಗೆ ಒತ್ತಿ ಹಿಡಿದು ಬೆರಳನ್ನು ಥಟ್ಟನೆ ಪಕ್ಕಕ್ಕೆ ಜಾರಿಸಿದಾಗ ಬರುವ ‘ಟಕ್’ ಸ್ಟೆಮ್ ವಾಪಸು ಹಾರಿ ಮೇಲಿನ ಕವಚಕ್ಕೆ ಬಡಿದ ಸದ್ದು. ಹಾಗೆ ಬಿಟ್ಟಾಗ ಕಂಚಿನ ಲೋಟ ತಟ್ಟಿದಂತೆ ‘ಟಿಂಯ್’ ಎಂದು ಎಳೆದರೆ ಅದು ಸ್ಪ್ರಿಂಗ್ ಕಂಪಿಸುವುದು. ಇನ್ನು ಸ್ಪೇಸ್‌ಬಾರಿನ ಎಡತುದಿ, ಬಲತುದಿಗಳನ್ನು ಬೇರೆ ಬೇರೆಯಾಗಿ ತಟ್ಟಿ ನೋಡಿ. ಸಡಿಲ ಬಳೆಯಂತೆ ಗಲಗಲ ಎಂದರೆ ದೋಷ ಅಗಲದ ಕೀಲಿ ವಾಲದಂತೆ ಹಿಡಿಯುವ ಸ್ಟೆಬಿಲೈಜರಿನಲ್ಲಿದೆ, ಸ್ವಿಚ್ಚಿನಲ್ಲಲ್ಲ. ಕೊನೆಯದಾಗಿ ಕೀಬೋರ್ಡನ್ನು ಮೇಜಿನಿಂದ ಎತ್ತಿ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಒತ್ತಿ. ಸದ್ದು ಎದ್ದುಕಾಣುವಷ್ಟು ಕಡಿಮೆಯಾಯಿತೇ? ಹಾಗಾದರೆ ಅರ್ಧ ಸದ್ದು ಮಾಡುತ್ತಿದ್ದದ್ದು ಮೇಜು.

ಮೇಜಿನ ಮಾತು ಮೊದಲು ಮುಗಿಸಿಬಿಡೋಣ, ಇದರಷ್ಟು ಅಗ್ಗದ ಪರಿಹಾರ ಬೇರೆ ಇಲ್ಲ. ಪ್ಲೈವುಡ್ಡಿನ ಟೊಳ್ಳು ಮೇಜು, ಲೋಹದ ಮಡಚುವ ಮೇಜುಗಳು ತಮಟೆಯ ಚರ್ಮದಂತೆ ಕೆಲಸ ಮಾಡುತ್ತವೆ, ಮೇಲಿನ ಪುಟ್ಟ ಕಂಪನವನ್ನು ತಮ್ಮ ಇಡೀ ಹಲಗೆಯಿಂದ ಹೊರಹಾಕುತ್ತವೆ. ಕೀಬೋರ್ಡಿನ ಕೆಳಗೆ ರಬ್ಬರ್ ತಳದ 3ರಿಂದ 4 ಮಿ.ಮೀ. ದಪ್ಪದ ಡೆಸ್ಕ್‌ಮ್ಯಾಟ್ ಹಾಸಿ. ಇಲ್ಲವಾದರೆ ದಪ್ಪ ಜಮಖಾನದ ತುಂಡೋ ನಾಲ್ಕು ಮಡಿಕೆಯ ಟವೆಲ್ಲೋ ನಡೆಯುತ್ತದೆ, ಜಾರದಂತೆ ನೋಡಿಕೊಂಡರಾಯಿತು. ಕೀಬೋರ್ಡಿನ ಹಿಂದಿನ ಕಾಲುಗಳನ್ನು ಮಡಚಿಡಿ. ಕಾಲೆತ್ತಿದಾಗ ಕೆಳಗೆ ಖಾಲಿ ಜಾಗ ಉಂಟಾಗಿ ಡಬ್ಬದಂತೆ ಮೊಳಗುತ್ತದೆ. ವಿಡಿಯೋ ಕರೆಯಲ್ಲಿ ಎದುರಿನವರಿಗೆ ಟಕಟಕ ಕೇಳುತ್ತಿದ್ದರೆ ಮೈಕನ್ನು ಅದೇ ಮೇಜಿನ ಮೇಲಿನಿಂದ ತೆಗೆದು ಬೇರೆ ಕಡೆ ಇಡಿ. ಗಾಳಿಯಲ್ಲಿ ಬರುವುದಕ್ಕಿಂತ ಮರದ ಮೂಲಕ ಹೋಗುವ ಬಡಿತವೇ ಮೈಕಿಗೆ ಹೆಚ್ಚು ತಾಗುತ್ತದೆ.

ಇನ್ನು ನೀಲಿ ಸ್ವಿಚ್ಚು. ಅಂಗಡಿಯಲ್ಲಿ ಕೈಗೆ ಮೊದಲು ಸಿಗುವ ಅಗ್ಗದ ಮೆಕ್ಯಾನಿಕಲ್ ಕೀಬೋರ್ಡುಗಳಲ್ಲಿ ಬಹಳಷ್ಟು ಇದರವೇ, ಹೆಚ್ಚಿನ ದೂರುಗಳೂ ಇದರ ಮೇಲೆಯೇ. ಇದರ ಸ್ಟೆಮ್ ಎರಡು ತುಂಡಿನದು. ಹೊರಗಿನ ಬಿಳಿ ಉಂಗುರದಂಥ ಭಾಗ ಎಲೆಯ ಉಬ್ಬನ್ನು ದಾಟಿದ ಕೂಡಲೇ ಕೆಳಕ್ಕೆ ಹಾರಿ ತಳಕ್ಕೆ ಬಡಿಯುತ್ತದೆ, ಕ್ಲಿಕ್ ಹುಟ್ಟುವುದು ಅಲ್ಲಿ. ಇದನ್ನು ಗ್ರೀಸ್ ಹಾಕಿ ಮೌನವಾಗಿಸಲು ಆಗುವುದಿಲ್ಲ. ದಪ್ಪ ಗ್ರೀಸ್ ಮೆತ್ತಿದರೆ ಉಂಗುರ ಕೆಲವೊಮ್ಮೆ ಹಾರುತ್ತದೆ, ಕೆಲವೊಮ್ಮೆ ತೆವಳುತ್ತದೆ. ಒಂದು ಕೀಲಿ ಕ್ಲಿಕ್ ಎನ್ನುತ್ತದೆ, ಪಕ್ಕದ್ದು ಎನ್ನುವುದಿಲ್ಲ. ಅಕ್ಷರ ಬೀಳುವುದೂ ಏರುಪೇರಾಗುತ್ತದೆ. ಬಿಳಿ ಉಂಗುರವನ್ನೇ ತೆಗೆದುಬಿಡೋಣ ಎಂದರೆ ಎಲೆಯನ್ನು ಸರಿಸಿ ಸಂಪರ್ಕ ಕೊಡುವ ಕಾಲುಗಳು ಇರುವುದೇ ಅದರ ಮೇಲೆ, ತೆಗೆದರೆ ಸ್ವಿಚ್ಚು ಸತ್ತಂತೆ. ಕೈಲ್ ಕಂಪನಿಯ ಬಾಕ್ಸ್ ವೈಟ್, ಬಾಕ್ಸ್ ಜೇಡ್, ಬಾಕ್ಸ್ ನೇವಿಯಂಥವು ಇದಕ್ಕೆ ಹೊರತು. ಅವುಗಳಲ್ಲಿ ಕ್ಲಿಕ್ ಮಾಡುವುದು ಒಂದು ಪ್ರತ್ಯೇಕ ಸಣ್ಣ ತಂತಿ. ಸ್ವಿಚ್ಚು ಬಿಚ್ಚಿ ಚಿಮಟದಿಂದ ಆ ತಂತಿಯನ್ನು ಎತ್ತಿ ತೆಗೆದರೆ ಅದೇ ಸ್ವಿಚ್ಚು ಕ್ಲಿಕ್ಕಿಲ್ಲದ, ನುಣ್ಣಗೆ ಇಳಿಯುವ ಲೀನಿಯರ್ ಸ್ವಿಚ್ಚಾಗುತ್ತದೆ. ಉಳಿದ ನೀಲಿಗಳಿಗೆ ಸ್ವಿಚ್ಚು ಬದಲಿಸುವುದೊಂದೇ ದಾರಿ. ಬಣ್ಣವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಕೈಲ್ ಬಾಕ್ಸ್ ವೈಟ್ ಕ್ಲಿಕ್ ಮಾಡುತ್ತದೆ, ಗೇಟ್‌ರಾನಿನ ಬಿಳಿಯದು ಮಾಡುವುದಿಲ್ಲ.

ತಳಕ್ಕೆ ಬಡಿಯುವ ಸದ್ದಿಗೆ ಎಲ್ಲರೂ ಮೊದಲು ಹೇಳುವ ಉಪಾಯ ರಬ್ಬರ್ ಓ-ರಿಂಗ್. ಕೀಕ್ಯಾಪ್, ಅಂದರೆ ಕೀಲಿಯ ಮೇಲಿನ ಟೊಪ್ಪಿ, ಕಿತ್ತು ಅದರ ಒಳಗಿನ ಕೊಳವೆಗೆ ಒಂದೊಂದು ಉಂಗುರ ತೊಡಿಸುವುದು. 104 ಕೀಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಖರ್ಚು ಕಡಿಮೆ, ಸ್ವಿಚ್ಚುಗಳನ್ನು ಬೋರ್ಡಿಗೆ ಬೆಸುಗೆ ಹಾಕಿದ ಕೀಬೋರ್ಡಿಗೂ ಆಗುತ್ತದೆ. ಆದರೆ ಇದು ಇಳಿಯುವಾಗಿನ ಬಡಿತವನ್ನು ಮಾತ್ರ ತಗ್ಗಿಸುತ್ತದೆ. ಮೇಲಕ್ಕೆ ಹಾರಿದಾಗಿನ ಬಡಿತ, ಕ್ಲಿಕ್, ಸ್ಪ್ರಿಂಗಿನ ನಾದ ಹಾಗೆಯೇ ಉಳಿಯುತ್ತವೆ. ಓ-ರಿಂಗ್ ಹಾಕಿದರೂ ಸದ್ದು ಅಷ್ಟೇ ಇದೆ ಎನ್ನುವವರು ಬಹುತೇಕ ಕ್ಲಿಕ್ ಸ್ವಿಚ್ಚಿನವರು. ದಪ್ಪ ಉಂಗುರ ಹಾಕಿದರೆ ಓಟ ಕಡಿಮೆಯಾಗಿ ಬೆರಳಿಗೆ ರಬ್ಬರ್ ಚಪ್ಪಲಿ ಒತ್ತಿದಂತಾಗುತ್ತದೆ. ತೆಳುವಾದದ್ದೇ ಸಾಕು. ಮೊದಲು ಹತ್ತು ಕೀಲಿಗೆ ಹಾಕಿ, ಎರಡು ದಿನ ಬಳಸಿ, ಒಗ್ಗಿದರೆ ಉಳಿದದ್ದಕ್ಕೆ ಹಾಕಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಸ್ಟೆಬಿಲೈಜರ್ ವಿಷಯ ಇಂಗ್ಲಿಷಿನವರಿಗಿಂತ ದೊಡ್ಡದು, ಇದನ್ನು ಯಾರೂ ಹೇಳುವುದಿಲ್ಲ. ಅಗಲದ ಕೀಲಿಗಳು ವಾಲದಂತೆ ಅವುಗಳ ಕೆಳಗೆ ಒಂದು ಉಕ್ಕಿನ ತಂತಿ, ಎರಡು ಬದಿಗೆ ಪ್ಲಾಸ್ಟಿಕ್ ಗೂಡು ಇರುತ್ತವೆ. 104 ಕೀಲಿಯ ಮಣೆಯಲ್ಲಿ ಇಂಥವು ಎಂಟು: ಸ್ಪೇಸ್‌ಬಾರ್, ಎಂಟರ್, ಬ್ಯಾಕ್‌ಸ್ಪೇಸ್, ಎರಡು ಶಿಫ್ಟ್, ಅಂಕಿಗಳ ಕಡೆಯ ಸೊನ್ನೆ, ಕೂಡು ಚಿಹ್ನೆ ಮತ್ತು ಎಂಟರ್. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿರುವ ನುಡಿ ಕೀಲಿಮಣೆಯಲ್ಲಿ ದೀರ್ಘ ಆಕಾರಕ್ಕೆ ಶಿಫ್ಟ್ ಬೇಕು, ಮಹಾಪ್ರಾಣಕ್ಕೆ ಬೇಕು, ಣ ಮತ್ತು ಳಕ್ಕೂ ಬೇಕು. ‘ಹಳ್ಳಿ’ ಎಂದು ಬರೆಯಲು ಐದು ಒತ್ತು, ಅದರಲ್ಲಿ ಎರಡಕ್ಕೆ ಶಿಫ್ಟ್. ‘ಕಣ್ಣು’ ಕೂಡ ಅಷ್ಟೇ. ಭಾರತೀಯ ಭಾಷೆಗಳಿಗೆಂದೇ ಇರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿಯೂ ಸ್ವತಂತ್ರ ಸ್ವರಗಳು, ಮಹಾಪ್ರಾಣಗಳು, ಣ, ಳ ಶಿಫ್ಟ್ ಇಲ್ಲದೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೋ ಹೆಸರಿನ ಮೊದಲಿಗೋ ಒಮ್ಮೆ ಬಂದುಹೋಗುವ ಶಿಫ್ಟ್ ಕನ್ನಡದಲ್ಲಿ ಹೆಚ್ಚುಕಡಿಮೆ ಪ್ರತಿ ಪದದಲ್ಲೂ ಬಡಿಯುತ್ತದೆ. ಆದ್ದರಿಂದ ಕನ್ನಡದ ಡಿಟಿಪಿಯವರು ಉಳಿದ ಏನನ್ನೂ ಮಾಡದಿದ್ದರೂ ಎರಡು ಶಿಫ್ಟ್ ಮತ್ತು ಸ್ಪೇಸ್‌ಬಾರ್ ಸರಿಪಡಿಸಿಕೊಂಡರೆ ಕೋಣೆಯ ಗದ್ದಲ ಗಣನೀಯವಾಗಿ ಇಳಿಯುತ್ತದೆ.

ಮಾಡುವ ಬಗೆ ಹೀಗೆ. ಕೀಕ್ಯಾಪ್ ಪುಲ್ಲರಿನಿಂದ ಅಗಲದ ಕೀಲಿಯನ್ನು ಎರಡೂ ಬದಿಯಿಂದ ಸಮವಾಗಿ ಎತ್ತಿ. ಒಂದೇ ಬದಿಯಿಂದ ಎಳೆದರೆ ತಂತಿ ಬಾಗುತ್ತದೆ, ಮುಂದಿನ ಗಲಗಲಕ್ಕೆ ಅಲ್ಲೇ ಬೀಜ ಬೀಳುತ್ತದೆ. ತಂತಿಯ ತುದಿ ಪ್ಲಾಸ್ಟಿಕ್ ಗೂಡಿನೊಳಕ್ಕೆ ಹೋಗುವ ಜಾಗ ಮೇಲಿನಿಂದಲೇ ಕಾಣುತ್ತದೆ. ಅಲ್ಲಿಗೆ ದಪ್ಪನೆಯ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ಮೊಂಡು ಸೂಜಿಯ ಸಿರಿಂಜಿನಿಂದ ಒಂದು ಬದಿಗೆ ಅರ್ಧ ಅಕ್ಕಿಕಾಳಿನಷ್ಟು ಬಿಡಿ. ಕೀಲಿ ಕೂರಿಸಿ ಐವತ್ತು ಸಲ ಒತ್ತಿ, ಇನ್ನೂ ಗಲಗಲ ಉಳಿದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ. ಹೆಚ್ಚಾದರೆ ಸ್ಪೇಸ್‌ಬಾರ್ ಕೆಳಗೇ ಅಂಟಿಕೊಂಡು ನಿಧಾನಕ್ಕೆ ಏಳುತ್ತದೆ. ಆಗ ಹತ್ತಿಯಲ್ಲದ, ನೂಲು ಬಿಡದ ಬಟ್ಟೆಯ ತುದಿಯಿಂದ ಒರೆಸಿ ತೆಗೆಯಬೇಕು.

ಗ್ರೀಸ್ ಹಾಕಿದ ಮೇಲೂ ಒಂದೇ ಬದಿ ಸದ್ದು ಮಾಡುತ್ತಿದ್ದರೆ ತಂತಿಯೇ ಸೊಟ್ಟಗಿದೆ ಎಂದರ್ಥ. ಅದನ್ನು ಹೊರತೆಗೆದು ಗಾಜಿನ ಮೇಲೆ ಚಪ್ಪಟೆಯಾಗಿಟ್ಟು ಎರಡು ತುದಿಗಳನ್ನು ಬೆರಳಿಂದ ಒಂದಾದಮೇಲೊಂದು ತಟ್ಟಿ. ಯಾವ ತುದಿ ಎದ್ದು ಕುಣಿಯುತ್ತದೋ ಅದನ್ನು ಇಕ್ಕಳದಿಂದ ಕೂದಲೆಳೆಯಷ್ಟು ಕೆಳಕ್ಕೆ ಬಗ್ಗಿಸಿ, ಮತ್ತೆ ಗಾಜಿನ ಮೇಲಿಟ್ಟು ನೋಡಿ. ನಾಲ್ಕೈದು ಸುತ್ತು ಹಿಡಿಯುತ್ತದೆ, ಒಂದೇ ಸಲಕ್ಕೆ ಜೋರಾಗಿ ಬಗ್ಗಿಸಿದರೆ ತಂತಿ ಕೆಟ್ಟಿತು. ತಳದ ಸರ್ಕ್ಯೂಟ್ ಬೋರ್ಡಿಗೇ ಕೂರುವ ಸ್ಟೆಬಿಲೈಜರ್ ಆಗಿದ್ದರೆ ಗೂಡಿನ ಕಾಲು ಬೀಳುವ ಜಾಗದಲ್ಲಿ, ಗಾಯಕ್ಕೆ ಹಚ್ಚುವ ಬಟ್ಟೆಯ ಪಟ್ಟಿಯ ಅಂಟಿನ ಭಾಗವನ್ನು ಬೆರಳುಗುರಿನಗಲ ಕತ್ತರಿಸಿ ಅಂಟಿಸಬಹುದು. ಔಷಧದ ಹತ್ತಿ ಇರುವ ನಡುಭಾಗ ಬೇಡ. ಸ್ವಿಚ್ಚುಗಳನ್ನು ಹಿಡಿದಿಡುವ ಮೇಲಿನ ಪ್ಲೇಟಿಗೆ ಸಿಕ್ಕಿಸುವ ಮಾದರಿಯಲ್ಲಿ ಇದಕ್ಕೆ ಜಾಗವಿರುವುದಿಲ್ಲ.

ಈಗ ಸ್ವಿಚ್ಚಿನ ಒಳಗಿನ ಲೂಬ್, ಅಂದರೆ ನುಣ್ಣಗೆ ಜಾರಲು ಹಚ್ಚುವ ಗ್ರೀಸು, ಎಣ್ಣೆ. ಇಲ್ಲೊಂದು ಮಾತು ಸ್ಪಷ್ಟವಾಗಬೇಕು: ಲೂಬ್ ಉಜ್ಜುವ ಸದ್ದನ್ನೂ ಸ್ಪ್ರಿಂಗಿನ ನಾದವನ್ನೂ ಅಳಿಸುತ್ತದೆ, ಬಡಿತದ ಚೂಪನ್ನು ಮೊಂಡು ಮಾಡುತ್ತದೆ. ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಬಡಿಯುವುದನ್ನು ಅದು ನಿಲ್ಲಿಸಲಾರದು. ಮನುಷ್ಯರ ಕಿವಿಗೆ 2ರಿಂದ 5 ಸಾವಿರ ಹರ್ಟ್ಸ್ ನಡುವಿನ ಚೂಪು ಸದ್ದು ಹೆಚ್ಚು ಚುಚ್ಚುತ್ತದೆ, ಹಾಗಾಗಿ ಅಷ್ಟು ಬದಲಾವಣೆಯೂ ಪಕ್ಕದಲ್ಲಿ ಕುಳಿತವರಿಗೆ ದೊಡ್ಡದೇ.

ಕೆಂಪು, ಹಳದಿ, ಕಪ್ಪು ಮುಂತಾದ ಲೀನಿಯರ್ ಸ್ವಿಚ್ಚುಗಳಿಗೆ ಕ್ರೈಟಾಕ್ಸ್ 205ಜಿ0 ಎಂಬ ಗ್ರೀಸು ರೂಢಿಯಲ್ಲಿದೆ. ಫ್ಲೋರಿನ್ ಮೂಲದ ಎಣ್ಣೆಗೆ ಟೆಫ್ಲಾನ್ ಜಾತಿಯ ಪುಡಿ ಬೆರೆಸಿ ಗಟ್ಟಿ ಮಾಡಿದ್ದು ಇದು. ಒಣಗುವುದಿಲ್ಲ, ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ. ಕಂದು ಬಣ್ಣದಂಥ, ನಡುದಾರಿಯಲ್ಲಿ ಬೆರಳಿಗೆ ಉಬ್ಬು ತಿಳಿಯುವ ಟ್ಯಾಕ್ಟೈಲ್ ಸ್ವಿಚ್ಚಿಗೆ ಇದು ದಪ್ಪವಾಯಿತು, ಟ್ರೈಬೋಸಿಸ್ 3203 ಅಥವಾ 3204 ಎಂಬ ತೆಳು ಗ್ರೀಸು ತೆಗೆದುಕೊಳ್ಳಿ. 104 ಸ್ವಿಚ್ಚಿಗೆ 5 ಗ್ರಾಂ ಡಬ್ಬಿ ಸಾಕು. ಸಾಲಲಿಲ್ಲ ಎನಿಸಿದರೆ ನೀವು ಹೆಚ್ಚು ಹಚ್ಚುತ್ತಿದ್ದೀರಿ. ಜತೆಗೆ ಬೇಕಾದ್ದು ಚಿತ್ರ ಬರೆಯುವ ಸೊನ್ನೆ ಅಥವಾ ಜೋಡಿಸೊನ್ನೆ ನಂಬರಿನ ಕುಂಚ, ಸ್ವಿಚ್ ಪುಲ್ಲರ್, ಸ್ವಿಚ್ ಓಪನರ್, ಚಿಮಟ. ಓಪನರ್ ಕೊಳ್ಳುವಾಗ ನೋಡಿಕೊಳ್ಳಿ: ಚೆರ್ರಿ ಬಗೆಯ ಕವಚಕ್ಕೆ ನಾಲ್ಕು ಕೊಕ್ಕೆ, ಕೈಲ್ ಬಾಕ್ಸ್ ಬಗೆಯದಕ್ಕೆ ಎರಡು. ಎರಡಕ್ಕೂ ಆಗುವ ಓಪನರ್ ಸಿಗುತ್ತದೆ.

ಸ್ವಿಚ್ಚು ಬಿಚ್ಚಿದ ಮೇಲೆ ನಾಲ್ಕು ರಾಶಿ ಮಾಡಿಕೊಳ್ಳಿ. ಸ್ಪ್ರಿಂಗುಗಳನ್ನೆಲ್ಲ ಒಂದು ಜಿಪ್ ಚೀಲಕ್ಕೆ ಹಾಕಿ ತೆಳು ಕ್ರೈಟಾಕ್ಸ್ 105 ಎಣ್ಣೆ ಎಂಟು ಹತ್ತು ಹನಿ ಬಿಟ್ಟು, ಚೀಲ ಊದಿ ಬಿಗಿಮಾಡಿ ಎರಡು ನಿಮಿಷ ಕುಲುಕಿದರೆ ಟಿಂಯ್ ಎನ್ನುವ ನಾದ ಅಲ್ಲಿಗೆ ಮುಗಿಯಿತು. ಕೆಳಗಿನ ಕವಚದಲ್ಲಿ ಸ್ಟೆಮ್ ಜಾರುವ ಎರಡು ಹಳಿಗಳಿಗೆ ತೆಳುವಾಗಿ ಒಂದೊಂದು ಸಲ ಕುಂಚ ಎಳೆಯಿರಿ, ಸ್ಪ್ರಿಂಗ್ ಕೂರುವ ವೃತ್ತಕ್ಕೆ ಒಂದು ಸುತ್ತು. ಸ್ಟೆಮ್ಮಿನ ಪಕ್ಕದ ಹಳಿಗಳಿಗೆ ಒಂದು ಸಲ. ಲೀನಿಯರ್ ಆದರೆ ಎಲೆಯನ್ನು ತಾಗುವ ಎರಡು ಕಾಲುಗಳಿಗೂ ನೆರಳಿನಷ್ಟು. ಟ್ಯಾಕ್ಟೈಲ್ ಆದರೆ ಕಾಲುಗಳನ್ನು ಮುಟ್ಟಲೇಬೇಡಿ, ಬೆರಳಿಗೆ ತಿಳಿಯುವ ಆ ಉಬ್ಬು ಇರುವುದು ಅಲ್ಲೇ. ಕುಂಚವನ್ನು ಪ್ರತಿಸಲ ಡಬ್ಬಿಯ ಅಂಚಿಗೆ ಒರೆಸಿ. ಹಚ್ಚಿದ ಜಾಗ ಹೊಳೆಯಬೇಕು, ಬಿಳಿಯ ಗ್ರೀಸು ಕಣ್ಣಿಗೆ ಕಂಡರೆ ಅದು ಹೆಚ್ಚಾಯಿತು. ಹೆಚ್ಚಾದ ಸ್ವಿಚ್ಚು ಕೆಸರಿನಿಂದ ಕಾಲು ಕಿತ್ತಂತೆ ನಿಧಾನಕ್ಕೆ ಏಳುತ್ತದೆ. ಲೋಹದ ಎಲೆಗಳೆರಡು ಒಂದನ್ನೊಂದು ಮುಟ್ಟುವ ಬಿಂದುವಿಗೆ ಗ್ರೀಸು ತಾಗಿದರೆ ಕೀಲಿ ಕೆಲಸವನ್ನೇ ಮಾಡುವುದಿಲ್ಲ, ಇಲ್ಲವೇ ಬಿಟ್ಟುಬಿಟ್ಟು ಮಾಡುತ್ತದೆ, ಏಕೆಂದರೆ ಇದರ ಮೂಲಕ ವಿದ್ಯುತ್ ಹರಿಯುವುದಿಲ್ಲ. ಜೋಡಿಸುವಾಗ ಸ್ಟೆಮ್ಮಿನ ಕಾಲುಗಳು ಎಲೆಯ ಕಡೆಗೇ ಇರಬೇಕು. ತಿರುಗಿಸಿ ಕೂರಿಸಿದರೆ ಕೀಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಒಂದು ಸ್ವಿಚ್ಚಿಗೆ ಎರಡು ನಿಮಿಷ ಎಂದರೂ 104ಕ್ಕೆ ಮೂರೂವರೆ ಗಂಟೆ. ಒಂದೇ ಬೈಠಕ್ಕಿನಲ್ಲಿ ಮುಗಿಸುವ ಹಟ ಬೇಡ, ಕೊನೆಯ ಮೂವತ್ತು ಸ್ವಿಚ್ಚು ಕೆಡುವುದು ಆಯಾಸದಿಂದಲೇ. ಈ ಗ್ರೀಸು ನೀರಿಗೂ ಕರಗುವುದಿಲ್ಲ, ಐಸೋಪ್ರೊಪೈಲ್ ಆಲ್ಕೋಹಾಲಿಗೂ ಕರಗುವುದಿಲ್ಲ. ಹಾಗಾಗಿ ತಪ್ಪಾದರೆ ಒರೆಸಿ ತೆಗೆಯಬೇಕಷ್ಟೆ. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಗ್ರೀಸಿನ ಕೈಯಲ್ಲಿ ಬೀಡಿ, ಸಿಗರೇಟು ಮುಟ್ಟುವುದು ಖಂಡಿತ ಕೂಡದು, ಉರಿಯ ಶಾಖಕ್ಕೆ ಇದು ಒಡೆದು ವಿಷದ ಹೊಗೆ ಬಿಡುತ್ತದೆ. ಬೆಸುಗೆಯ ಕಡ್ಡಿಯ ಹತ್ತಿರವೂ ಇದು ಬೇಡ.

ಕೊಬ್ಬರಿ ಎಣ್ಣೆ ಏಕೆ ಕೂಡದು ಎಂದರೆ, ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಏನಾಗುತ್ತದೋ ಸ್ವಿಚ್ಚಿನೊಳಗೂ ಅದೇ ಆಗುತ್ತದೆ. ಬಿಸಿಲುಕಾಲದಲ್ಲಿ ನೀರಾಗಿ ಹರಿದು ಎಲೆಯ ಸಂಪರ್ಕಕ್ಕೆ ಇಳಿಯುತ್ತದೆ, ದಿನ ಕಳೆದಂತೆ ಕಮಟು ಹಿಡಿದು ಧೂಳನ್ನು ಅಂಟಿಸಿಕೊಳ್ಳುತ್ತದೆ. ಡಬ್ಲ್ಯೂಡಿ-40 ತುಕ್ಕು ಬಿಡಿಸಲು ಒಳ್ಳೆಯದು, ಇಲ್ಲಿಗಲ್ಲ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲೆ ಬಳಸಬೇಡಿ ಎಂದು ಅದರ ತಯಾರಕರೇ ಹೇಳುತ್ತಾರೆ, ಬೆಳಕು ಹಾಯುವ ಸ್ವಿಚ್ಚುಗಳ ಮೇಲಿನ ಕವಚ ಸಾಮಾನ್ಯವಾಗಿ ಅದೇ ಪ್ಲಾಸ್ಟಿಕ್ಕು. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ಹಚ್ಚಿದ ಕಡೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಲು ಸ್ವಿಚ್ಚು ಬೋರ್ಡಿನಿಂದ ಹೊರಬರಬೇಕಲ್ಲ. ಬೆಸುಗೆಯಿಲ್ಲದೆ ಸ್ವಿಚ್ಚನ್ನು ಸಾಕೆಟ್ಟಿಗೆ ಸಿಕ್ಕಿಸುವ ಹಾಟ್-ಸ್ವಾಪ್ ಕೀಬೋರ್ಡಾದರೆ ಪುಲ್ಲರಿನಿಂದ ಎಳೆದರೆ ಬಂತು. ಬೆಸುಗೆಯದಾದರೆ 104 ಸ್ವಿಚ್ಚಿಗೆ 208 ಬೆಸುಗೆ ಬಿಡಿಸಬೇಕು. ಬೆಸುಗೆಯಲ್ಲಿ ಕೈ ಪಳಗಿಲ್ಲದವರು ಇದಕ್ಕೆ ಇಳಿಯಬಾರದು, ಶಾಖ ಹೆಚ್ಚಾದರೆ ಬೋರ್ಡಿನ ತಾಮ್ರದ ಬಿಲ್ಲೆಯೇ ಎದ್ದುಬರುತ್ತದೆ. ಅಂಥವರಿಗೆ ಮ್ಯಾಟು, ಓ-ರಿಂಗ್, ಸ್ಟೆಬಿಲೈಜರಿನ ಗ್ರೀಸು, ಈ ಮೂರರಲ್ಲಿ ನಿಲ್ಲುವುದೇ ಸರಿ.

ಕವಚದೊಳಗೆ ಫೋಮ್ ತುಂಬುವ ವಿಚಾರ ಚಿಕ್ಕದು. ತಳದ ಪ್ಲಾಸ್ಟಿಕ್ಕನ್ನು ಗೆಣ್ಣಿನಿಂದ ತಟ್ಟಿದಾಗ ಖಾಲಿ ಡಬ್ಬದ ಸದ್ದು ಬಂದರೆ ಮಾತ್ರ ಇದರಿಂದ ಲಾಭ. 3 ಮಿ.ಮೀ. ದಪ್ಪದ ಇವಿಎ ಫೋಮ್ ಹಾಳೆಯನ್ನು ಸ್ಕ್ರೂ ಕಂಬ, ಯುಎಸ್‌ಬಿ ಕಿಂಡಿಯ ಜಾಗ ಬಿಟ್ಟು ಕತ್ತರಿಸಿ ಹಾಸಿ. ಒತ್ತಿ ತುಂಬಿದರೆ ಬೋರ್ಡು ಬಾಗುತ್ತದೆ, ಮುಚ್ಚಳ ಕೂರುವುದಿಲ್ಲ. ವೈರ್‌ಲೆಸ್ ಮಾದರಿಯಲ್ಲಿ ಬ್ಯಾಟರಿಯ ಮೇಲೆ ಒತ್ತಡ ಬೀಳದಂತೆ ಆ ಜಾಗ ಪೂರ್ತಿ ಬಿಡಿ. ಹತ್ತಿ ಬೇಡ, ತೇವ ಹೀರುತ್ತದೆ. ಥರ್ಮೋಕೋಲ್ ತಾನೇ ಕಿರುಗುಟ್ಟುತ್ತದೆ. ಬೋರ್ಡಿನ ಹಿಂದೆ ಎರಡು ಮೂರು ಪದರ ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸುವುದು ಈಗ ಜನಪ್ರಿಯ. ಅದು ಸದ್ದಿನ ಬಣ್ಣ ಬದಲಿಸುತ್ತದೆ, ಸದ್ದನ್ನು ಇಳಿಸುವುದು ಅಲ್ಪವೇ. ಸದ್ದು ಸವಿಯುವವರಿಗೆ ಅದು ಇರಲಿ. ಮಲಗಿದ ಮಗುವಿನ ಸಲುವಾಗಿ ಓದುತ್ತಿರುವವರು ಅದಕ್ಕೆ ಕೀಬೋರ್ಡು ಬಿಚ್ಚುವುದು ಬೇಡ. ಅಲ್ಯೂಮಿನಿಯಂ ಟೇಪನ್ನಂತೂ ಅಂಟಿಸಲೇಬಾರದು, ಬೋರ್ಡು ಶಾರ್ಟ್ ಆಗುತ್ತದೆ.

ರಾತ್ರಿ ಕೆಲಸಕ್ಕೆ ನಿಜವಾಗಿ ಒದಗುವುದು ಸೈಲೆಂಟ್ ಸ್ವಿಚ್ಚು. ಇದರ ಸ್ಟೆಮ್ಮಿನಲ್ಲೇ ಮೇಲೂ ಕೆಳಗೂ ಪುಟ್ಟ ರಬ್ಬರ್ ತುಂಡುಗಳಿರುತ್ತವೆ, ಎರಡೂ ಕಡೆಯ ಬಡಿತ ಅಲ್ಲೇ ಹೀರಿಹೋಗುತ್ತದೆ. ಓ-ರಿಂಗ್ ಮಾಡಲಾಗದ ಅರ್ಧ ಕೆಲಸವನ್ನು ಇದು ಮಾಡುತ್ತದೆ. ಚೆರ್ರಿ ಸೈಲೆಂಟ್ ರೆಡ್‌ನ ಓಟ 4ರ ಬದಲು 3.7 ಮಿ.ಮೀ., ಅದು ಆ ರಬ್ಬರಿನ ದಪ್ಪಕ್ಕೆ ಹೋದದ್ದು. ಗೇಟ್‌ರಾನ್, ಔಟೆಮು ಕಂಪನಿಗಳಲ್ಲೂ ಸೈಲೆಂಟ್ ಬಗೆ ಇದೆ, ಬೆರಳಿಗೆ ಉಬ್ಬು ಬೇಕೆನ್ನುವವರಿಗೆ ಬೋಬಾ ಯು4 ಎಂಬ ಸೈಲೆಂಟ್ ಸ್ವಿಚ್ಚು ಇದೆ. ತಳ ಮುಟ್ಟಿದಾಗ ತುಸು ಮೆತ್ತಗೆನಿಸುವುದು ಇವುಗಳ ಗುಣ. ಒಂದು ವಾರದಲ್ಲಿ ಬೆರಳು ಒಗ್ಗಿಕೊಳ್ಳುತ್ತದೆ.

ಕೊಳ್ಳುವ ಮೊದಲು ನಿಮ್ಮ ಬೋರ್ಡು ಯಾವ ಬಗೆಯದೆಂದು ನೋಡಿಯೇ ಹಣ ಕೊಡಿ. ಅಗ್ಗದ ಕೆಲವು ಹಾಟ್-ಸ್ವಾಪ್ ಬೋರ್ಡುಗಳ ತೂತು ಔಟೆಮುವಿನ ತೆಳು ಪಿನ್ನಿಗೆ ಮಾತ್ರ ಹೊಂದುತ್ತದೆ, ಚೆರ್ರಿ ಅಥವಾ ಗೇಟ್‌ರಾನ್ ಪಿನ್ನನ್ನು ಬಲವಂತವಾಗಿ ತುರುಕಿದರೆ ಸಾಕೆಟ್ ಹಾಳು. ಐದು ಪಿನ್ನಿನ ಸ್ವಿಚ್ಚು ಮೂರು ಪಿನ್ನಿನ ಬೋರ್ಡಿಗೆ ಕೂರದಿದ್ದರೆ ಹೆಚ್ಚುವರಿ ಎರಡು ಪ್ಲಾಸ್ಟಿಕ್ ಕಾಲುಗಳನ್ನು ನೇಲ್‌ಕಟರಿನಿಂದ ಕತ್ತರಿಸಿ, ಲೋಹದ ಎರಡನ್ನು ಮುಟ್ಟಬೇಡಿ. ಬೆಳಕಿನಿಂದ ಒತ್ತು ಗುರುತಿಸುವ ಆಪ್ಟಿಕಲ್ ಬೋರ್ಡಿಗೆ ಲೋಹದ ಎಲೆಯ ಸ್ವಿಚ್ಚು ಆಗುವುದಿಲ್ಲ, ಗಿಡ್ಡ ಅಂದರೆ ಲೋ-ಪ್ರೊಫೈಲ್ ಬೋರ್ಡಿಗೆ ಎತ್ತರದ್ದು ಆಗುವುದಿಲ್ಲ. ಕೂರಿಸುವಾಗ ಪಿನ್ನು ನೆಟ್ಟಗಿದೆಯೇ ನೋಡಿ, ಬೋರ್ಡಿನ ಹಿಂದಿನಿಂದ ಸಾಕೆಟ್ಟಿಗೆ ಬೆರಳು ಆಧಾರ ಕೊಟ್ಟು ನೇರವಾಗಿ ಒತ್ತಿ. ಕೀಕ್ಯಾಪ್ ಹಾಕುವ ಮುನ್ನವೇ ಪ್ರತಿ ಅಕ್ಷರ ಬೀಳುತ್ತಿದೆಯೇ ಪರೀಕ್ಷಿಸಿ. ಅಕ್ಷರ ಬೀಳದ ಕಡೆ ಹೆಚ್ಚಾಗಿ ಒಳಗೆ ಮಡಚಿಕೊಂಡ ಪಿನ್ನೇ ಕಾರಣ, ಚಿಮಟದಿಂದ ನೆಟ್ಟಗೆ ಮಾಡಿದರೆ ಸರಿಹೋಗುತ್ತದೆ.

ಮಾಡಿದ ಕೆಲಸದ ಫಲ ಅಳೆಯಲು ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಸಾಕು. ಆದರೆ ಅದು ತೋರಿಸುವ ಅಂಕಿಯನ್ನು ನಂಬದೆ ವ್ಯತ್ಯಾಸವನ್ನು ಮಾತ್ರ ನೋಡಿ. ಮೊಬೈಲ್ 30 ಸೆಂ.ಮೀ. ದೂರದಲ್ಲಿ ಅದೇ ಜಾಗದಲ್ಲಿರಲಿ, ಅದೇ ಪ್ಯಾರಾವನ್ನು ಮೊದಲೂ ಆಮೇಲೂ ಟೈಪ್ ಮಾಡಿ. 3 ಡೆಸಿಬಲ್ ಇಳಿದರೆ ಸದ್ದಿನ ಶಕ್ತಿ ಅರ್ಧವಾದಂತೆ, ಕಿವಿಗೆ ಅರ್ಧವಾಯಿತು ಎನಿಸಲು ಸುಮಾರು 10 ಡೆಸಿಬಲ್ ಇಳಿಯಬೇಕು.

ಸಂಪಾದಕರಲ್ಲಿ ಒಂದು ಕೋರಿಕೆ. ತಂತ್ರಜ್ಞಾನ ಪುಟದಲ್ಲಿ ಹೊಸ ಕೀಬೋರ್ಡಿನ ಪರಿಚಯ ಬರುವಾಗ ದೀಪದ ಬಣ್ಣ, ಬೆಲೆಗಳ ಜತೆಗೆ ಮೂರು ಸಂಗತಿ ಇರಲಿ: ಸ್ವಿಚ್ಚು ಕ್ಲಿಕ್ಕಿನದೋ, ಲೀನಿಯರೋ, ಟ್ಯಾಕ್ಟೈಲೋ, ಹಾಟ್-ಸ್ವಾಪ್ ಇದೆಯೇ, ಇದ್ದರೆ ಯಾವ ಪಿನ್ನಿಗೆ, ಶಿಫ್ಟ್ ಮತ್ತು ಸ್ಪೇಸ್‌ಬಾರ್ ಗಲಗಲ ಎನ್ನುತ್ತವೆಯೇ. ಈ ಮೂರನ್ನು ಮೊದಲೇ ಓದಿ ತಿಳಿದವರಿಗೆ ಮೇಲೆ ಬರೆದ ಬಹುಪಾಲು ಕೆಲಸದ ಅಗತ್ಯವೇ ಬೀಳದು. ಅಂಗಡಿಯವರೂ ಪ್ರದರ್ಶನದ ಕೀಬೋರ್ಡಿನ ಪಕ್ಕ ಸ್ವಿಚ್ಚಿನ ಬಗೆಯನ್ನು ಕನ್ನಡದಲ್ಲಿ ಬರೆದಿಟ್ಟರೆ ಬಣ್ಣದ ಹೆಸರು ನಂಬಿ ಮನೆಗೆ ಒಯ್ದು ಬೇಸರಪಡುವವರ ಸಂಖ್ಯೆ ಕಡಿಮೆಯಾಗುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಕೀಬೋರ್ಡ್ ದುರಸ್ತಿ ಬಲ್ಲ ಓದುಗ
ಮೈಸೂರು